ಬಿಡದ ಅಂಗುಳ ನೋವು, ಗಂಟಲು ನೋವು: ಮೂಳೆ ಮತ್ತು ನರಗಳ ಅಪರೂಪದ ಕಾರಣಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯಲ್ಲಿ ಬಾಯಿ ಮತ್ತು ದವಡೆಯ ರೋಗನಿದಾನವೇ ನನ್ನ ಕೆಲಸ. ಹಲ್ಲಿನಲ್ಲಿ ಹುಳುಕಿಲ್ಲ, ಟಾನ್ಸಿಲ್‌ನಲ್ಲಿ ಕೀವಿಲ್ಲ, ಆದರೂ ನೋವು ಮಾತ್ರ ಬಿಡುತ್ತಿಲ್ಲ ಎನ್ನುವವರು ಸುತ್ತಿ ಸುತ್ತಿ ಕೊನೆಗೆ ನಮ್ಮಂಥವರ ಕುರ್ಚಿಗೆ ಬರುತ್ತಾರೆ. ಕೈಯಲ್ಲೊಂದು ಕ್ಯಾರಿಬ್ಯಾಗ್ ಇರುತ್ತದೆ. ಅದರ ತುಂಬ ಮೂರು ನಾಲ್ಕು ದವಾಖಾನೆಗಳ ಚೀಟಿಗಳು, ಎಂಡೋಸ್ಕೋಪಿಯ ವರದಿ, ಅರ್ಧ ಖಾಲಿಯಾದ ಗುಳಿಗೆ ಪಟ್ಟಿಗಳು. ಅವರು ಕೇಳುವ ಪ್ರಶ್ನೆಗಳನ್ನೂ ನಾನು ಸಾಮಾನ್ಯವಾಗಿ ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ಇವು ತಿಳಿವಳಿಕೆಗಾಗಿ ಮಾತ್ರ. ಬಾಯಿ ತೆರೆಸಿ ನೋಡದೆ ಯಾರಿಗೂ ರೋಗದ ಹೆಸರು ಹೇಳಲು ಬರುವುದಿಲ್ಲ.

ಪ್ರಶ್ನೆ: ಎಲ್ಲ ವರದಿಗಳೂ ಸರಿಯಾಗಿವೆ ಎನ್ನುತ್ತಾರೆ. ಹಾಗಾದರೆ ನೋವು ಬರುವುದು ಎಲ್ಲಿಂದ?

ಗಂಟಲು ನೋವು ಎಂದ ಕೂಡಲೇ ಸೋಂಕು ಎಂದುಕೊಳ್ಳುವುದು ಸಹಜ, ಬಹುಪಾಲು ಸಲ ಅದು ನಿಜವೂ ಹೌದು. ಹೊಟ್ಟೆಯ ಆಮ್ಲ ಮೇಲೇರುವುದು, ಟಾನ್ಸಿಲ್ ಕುಳಿಗಳಲ್ಲಿ ಕಟ್ಟುವ ಸಣ್ಣ ಕಲ್ಲುಗಳು, ರಾತ್ರಿ ಹಲ್ಲು ಕಡಿಯುವುದರಿಂದ ಸೋತ ದವಡೆಯ ಸ್ನಾಯುಗಳು, ಇವೂ ಸಾಮಾನ್ಯ ಕಾರಣಗಳೇ. ಇವೆಲ್ಲ ಇಲ್ಲವೆಂದು ಖಾತ್ರಿಯಾದ ಮೇಲೂ ತಿಂಗಳುಗಟ್ಟಲೆ ಒಂದೇ ಬದಿಗೆ, ಒಂದೇ ಜಾಗದಲ್ಲಿ, ನುಂಗುವಾಗಲೋ ಕತ್ತು ಹೊರಳಿಸುವಾಗಲೋ ನೋವು ಕೆದಕಿದಂತಾಗುತ್ತಿದ್ದರೆ, ಆಗ ಆ ಭಾಗದ ರಚನೆಯಲ್ಲೇ ಏನಾದರೂ ಇದೆಯೇ ಎಂದು ಹುಡುಕಬೇಕು. ಮಾಮೂಲಿ ರಕ್ತ ಪರೀಕ್ಷೆ ಇದನ್ನು ತೋರಿಸುವುದಿಲ್ಲ. ಎಂಡೋಸ್ಕೋಪಿಯ ಕ್ಯಾಮೆರಾ ಲೋಳೆಪೊರೆಯ ಮೇಲ್ಮೈಯನ್ನಷ್ಟೇ ನೋಡುತ್ತದೆ, ಅದರ ಹಿಂದಿರುವ ಮೂಳೆಯನ್ನಲ್ಲ. ಆದ್ದರಿಂದ “ನಾರ್ಮಲ್” ಎಂಬ ವರದಿ ಸುಳ್ಳಲ್ಲ. ಅದು ಉತ್ತರಿಸಿದ್ದು ಬೇರೆ ಪ್ರಶ್ನೆಗೆ, ಅಷ್ಟೇ.

ಪ್ರಶ್ನೆ: ಇದು ಕ್ಯಾನ್ಸರ್ ಇರಬಹುದೇ?

ಈ ಭಯ ಎಲ್ಲರಲ್ಲೂ ಇರುತ್ತದೆ, ಆದರೆ ಬಾಯಿಬಿಟ್ಟು ಕೇಳುವವರು ಕಡಿಮೆ. ನಮ್ಮ ಭಾಗದಲ್ಲಿ ಈ ಪ್ರಶ್ನೆಯನ್ನು ಮೊದಲು ಇತ್ಯರ್ಥಗೊಳಿಸದೆ ಅಪರೂಪದ ಕಾಯಿಲೆಗಳ ಹಿಂದೆ ಹೋಗುವುದು ತಪ್ಪು. ಗುಟ್ಕಾ ಮಾರಾಟವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಲಾಗಿದ್ದರೂ, ಅಡಿಕೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಮಾಡಿ ಮಾರುವುದು ನಿಂತಿಲ್ಲ, ಎರಡನ್ನೂ ಅಂಗೈಯಲ್ಲಿ ಕೂಡಿಸಿ ತಿನ್ನುವವರೂ ನಿಂತಿಲ್ಲ. ಎಲೆ ಅಡಿಕೆ, ಗುಟ್ಕಾ, ಸುಣ್ಣ ತಂಬಾಕು, ಬೀಡಿ, ಇವುಗಳಲ್ಲಿ ಯಾವುದೇ ಚಟವಿದ್ದು ನೋವು ಮೂರು ವಾರ ಮೀರಿದ್ದರೆ ಮೊದಲು ತಜ್ಞರಿಗೆ ತೋರಿಸಬೇಕು. ಮಾಯದ ಹುಣ್ಣು, ಉಗುಳಿನಲ್ಲಿ ರಕ್ತ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಧ್ವನಿ ಬದಲಾವಣೆ, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ಇವುಗಳಲ್ಲಿ ಒಂದಿದ್ದರೂ ಕಾಯಬಾರದು.

ಕಿವಿಯೊಳಗೆ ಏನೂ ಇಲ್ಲದಿದ್ದರೂ ಒಂದೇ ಕಿವಿ ನೋಯುತ್ತಿದ್ದರೆ ಅದನ್ನೂ ಹಗುರವಾಗಿ ಕಾಣಬಾರದು. ಮೆದುಳಿನಿಂದ ನೇರವಾಗಿ ಹೊರಡುವ ನರಗಳಿಗೆ ಕಪಾಲ ನರಗಳೆಂದು ಹೆಸರು. ಅವುಗಳಲ್ಲಿ ಗಂಟಲಿಗೆ ಹೋಗುವ ಒಂಬತ್ತನೆಯ ಮತ್ತು ಹತ್ತನೆಯ ನರಗಳ ಕವಲುಗಳು ಕಿವಿಗೂ ಹೋಗುತ್ತವೆ; ಹೀಗಾಗಿ ನಾಲಗೆಯ ಬುಡದ ಗಡ್ಡೆಯ ನೋವನ್ನು ರೋಗಿ ಕಿವಿಯಲ್ಲಿ ತೋರಿಸುತ್ತಾನೆ.

ಇನ್ನೊಂದು ಮಾತು. ಖಾರ ತಿಂದರೆ ಅಂಗುಳವೆಲ್ಲ ಉರಿಯುವುದು, ಅಂಗುಳ ಬಿಳಿಚಿ ಬಿರುಸಾಗುವುದು, ಬಾಯಿಗೆ ಮೂರು ಬೆರಳು ನಿಲುವಾಗಿ ಹೋಗದಿರುವುದು, ಇವು ಅಡಿಕೆಯಿಂದ ಬಾಯಿಯ ಒಳಪೊರೆ ಬಿಗಿಯಾಗುತ್ತ ಹೋಗುವ, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದಾದ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನ ಲಕ್ಷಣಗಳು. ಅದು ಇಲ್ಲಿ ಅಪರೂಪವೇನಲ್ಲ.

ಪ್ರಶ್ನೆ: “ಈಗಲ್ ಸಿಂಡ್ರೋಮ್” ಎಂದು ಬರೆದುಕೊಟ್ಟಿದ್ದಾರೆ. ಹಾಗೆಂದರೇನು?

ಹದ್ದಿಗೂ ಇದಕ್ಕೂ ಸಂಬಂಧವಿಲ್ಲ, ಅದು ವೈದ್ಯರೊಬ್ಬರ ಹೆಸರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ವಾಟ್ ಈಗಲ್ ಎಂಬ ಕಿವಿ, ಮೂಗು, ಗಂಟಲು ತಜ್ಞರು 1937ರಲ್ಲಿ ಇದನ್ನು ವಿವರಿಸಿದರು.

ಕಿವಿಯ ಕೆಳಗೆ ತಲೆಬುರುಡೆಯ ತಳದಿಂದ ಒಂದು ತೆಳುವಾದ ಮೂಳೆ ಕೆಳಕ್ಕೂ ಮುಂದಕ್ಕೂ ಇಳಿದಿರುತ್ತದೆ. ದಬ್ಬಣದಂತೆ ಚೂಪಾದ ಈ ಮೂಳೆಗೆ ಸ್ಟೈಲಾಯ್ಡ್ ಎಂದು ಹೆಸರು. ಇದರಿಂದ ಹೊರಡುವ ಮೂರು ಸ್ನಾಯುಗಳು ನಾಲಗೆ, ಗಂಟಲಿನ ಗೋಡೆ ಮತ್ತು ಕುತ್ತಿಗೆಯ ಮುಂಭಾಗದ ಹೈಆಯ್ಡ್ ಮೂಳೆಯನ್ನು ಎಳೆದು ಹಿಡಿಯುತ್ತವೆ. ಇದರ ತುದಿಯಿಂದ ಒಂದು ತಂತುಪಟ್ಟಿಯೂ ಹೈಆಯ್ಡ್‌ನವರೆಗೆ ಹೋಗುತ್ತದೆ. ಸ್ಟೈಲಾಯ್ಡ್‌ನ ಉದ್ದ ಸಾಮಾನ್ಯವಾಗಿ 2.5 ಸೆಂಟಿಮೀಟರಿನ ಆಸುಪಾಸು. ಅದು 3 ಸೆಂಟಿಮೀಟರ್ ಮೀರಿದ್ದರೆ, ಅಥವಾ ಆ ತಂತುಪಟ್ಟಿಯೇ ಸುಣ್ಣಗಟ್ಟಿ ಮೂಳೆಯಾಗಿದ್ದರೆ, ಚೂಪಾದ ತುದಿ ಟಾನ್ಸಿಲ್ ಇರುವ ಕುಳಿಯ ಹಿಂದೆ ಬಂದು ನಿಲ್ಲುತ್ತದೆ. ನುಂಗಿದಾಗಲೆಲ್ಲ ಗಂಟಲಿನ ಗೋಡೆ ಅದಕ್ಕೆ ತಾಗುತ್ತದೆ. ರೋಗಿಗಳು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ: “ಮೀನಿನ ಮುಳ್ಳ ಸಿಕ್ಕಂಗ ಆಗೇತ್ರಿ, ಆದ್ರ ನಾ ಮೀನಾ ತಿನ್ನಂಗಿಲ್ಲ.”

ಈ ಮೂಳೆ ಕುತ್ತಿಗೆಯ ಎರಡು ದೊಡ್ಡ ರಕ್ತನಾಳಗಳ ನಡುವೆ ಹಾದು ಬರುವುದರಿಂದ ಇನ್ನೊಂದು ಬಗೆಯೂ ಉಂಟು. ಇಲ್ಲಿ ಗಂಟಲಿನ ಗೋಡೆಯಲ್ಲ, ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಯೇ ಒತ್ತಡಕ್ಕೆ ಸಿಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳದ ಕಡೆಯಿಂದ ಬಂದಿದ್ದ ಟ್ರ್ಯಾಕ್ಟರ್ ಚಾಲಕರೊಬ್ಬರಿಗೆ ಜೋಡಿ ಟ್ರೇಲರ್ ನೋಡಲೆಂದು ಬಲಕ್ಕೆ ಕತ್ತು ತಿರುಗಿಸಿದಾಗ ಮಾತ್ರ ಗಂಟಲಿನಿಂದ ಕಣ್ಣಿನವರೆಗೆ ನೋವು ಹರಿದು ತಲೆ ತಿರುಗುತ್ತಿತ್ತು. ಆರು ತಿಂಗಳು ಅವರು ಕುತ್ತಿಗೆಯ ಬೆಲ್ಟ್ ಕಟ್ಟಿಕೊಂಡೇ ಓಡಾಡಿದ್ದರು. ಇಂಥ ಲಕ್ಷಣಗಳಿದ್ದರೆ ರಕ್ತನಾಳಗಳು ಕಾಣುವ ಸಿ.ಟಿ. ಆಂಜಿಯೋಗ್ರಾಂ ಬೇಕಾಗುತ್ತದೆ. ಕತ್ತು ಹೊರಳಿಸಿದಾಗ ಕಣ್ಣು ಮಂಜಾಗುವುದು, ಮಾತು ತೊದಲುವುದು, ಒಂದು ಕೈ ಸೋಲುವುದು ಕಂಡರೆ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲದೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಬೇಕು.

ಪ್ರಶ್ನೆ: ಟಾನ್ಸಿಲ್ ತೆಗೆಸಿದ ಮೇಲೆ ನೋವು ಶುರುವಾಗಿದೆ. ಶಸ್ತ್ರಚಿಕಿತ್ಸೆ ಕೆಟ್ಟಿತೇ?

ಕೆಡಬೇಕೆಂದೇನೂ ಇಲ್ಲ. ಈಗಲ್ ವಿವರಿಸಿದ ಮೊದಲ ಬಗೆ ಇದೇ: ಟಾನ್ಸಿಲ್ ತೆಗೆದ ಜಾಗದಲ್ಲಿ ಗಾಯ ಮಾಗಿ ಕಲೆ ಬಿಗಿದುಕೊಂಡಾಗ, ಮೊದಲಿನಿಂದಲೂ ಉದ್ದವಾಗಿದ್ದ ಆದರೆ ತೊಂದರೆ ಕೊಡದಿದ್ದ ಮೂಳೆಯ ತುದಿಯ ಸುತ್ತಲಿನ ನರಗಳು ಎಳೆತಕ್ಕೆ ಸಿಗುತ್ತವೆ. ಟಾನ್ಸಿಲ್ ತೆಗೆಸದವರಿಗೂ ಈ ನೋವು ಬರುತ್ತದೆ.

ಪ್ರಶ್ನೆ: ವೈದ್ಯರು ಬಾಯಿಯೊಳಗೆ ಬೆರಳು ಹಾಕಿ ಒತ್ತಿದರು, ಜೀವ ಹೋದಂತಾಯಿತು. ಸ್ಕ್ಯಾನ್ ಇರುವಾಗ ಅದೇಕೆ ಬೇಕು?

ಸ್ಕ್ಯಾನ್ ಹೇಳಲಾಗದ್ದನ್ನು ಆ ಬೆರಳು ಹೇಳುತ್ತದೆ. ಒತ್ತುವ ಮೊದಲು ನಾನು ರೋಗಿಗೆ ಒಂದೇ ಬೆರಳಿನಿಂದ ನೋವಿನ ಜಾಗ ತೋರಿಸಲು ಹೇಳುತ್ತೇನೆ. ಇಡೀ ಅಂಗೈಯನ್ನು ಕೆನ್ನೆಯಿಂದ ಕುತ್ತಿಗೆಗೆ ಸವರಿ “ಇಲ್ಲೆಲ್ಲ” ಎಂದರೆ ಸ್ನಾಯುವಿನ ಕಡೆಗೆ ನನ್ನ ಯೋಚನೆ ಹೊರಳುತ್ತದೆ. ಒಂದು ಬೆರಳ ತುದಿ ಪ್ರತಿಸಲವೂ ಅದೇ ಜಾಗಕ್ಕೆ ಹೋಗಿ ನಿಂತರೆ ಅಲ್ಲಿ ಹುಡುಕಲು ಏನೋ ಇದೆ. ಆಮೇಲೆ ಕೈಗವಸು ಹಾಕಿದ ತೋರುಬೆರಳನ್ನು ಕೆಳದವಡೆಯ ಕೊನೆಯ ಹಲ್ಲಿನ ಹಿಂದೆ ಜಾರಿಸಿ ಟಾನ್ಸಿಲ್ ಕುಳಿಯ ಮೇಲೆ ಮೆಲ್ಲಗೆ ಒತ್ತಬೇಕು. ಸಾಮಾನ್ಯ ಉದ್ದದ ಸ್ಟೈಲಾಯ್ಡ್ ಅಲ್ಲಿ ಕೈಗೆ ಸಿಗುವುದಿಲ್ಲ. ಉದ್ದವಾಗಿದ್ದರೆ ಮೆತ್ತನೆಯ ಗೋಡೆಯ ಹಿಂದೆ ಗರಿಕಡ್ಡಿಯ ತುದಿಯಂಥ ಗಟ್ಟಿ ಭಾಗ ತಾಗುತ್ತದೆ, ಆ ಕ್ಷಣ ರೋಗಿ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಾರೆ. ಆಗ ಕೇಳಬೇಕಾದದ್ದು “ನೋವಾಯಿತೇ” ಎಂದಲ್ಲ, ಏಕೆಂದರೆ ಅಲ್ಲಿ ಒತ್ತಿದರೆ ಯಾರಿಗೂ ಹಿತವಾಗುವುದಿಲ್ಲ. “ದಿನಾ ಬರುವ ನೋವು ಇದೇನಾ?” ಎಂದು ಕೇಳಬೇಕು.

ಬೆರಳು ಹಾಕುವ ಮುಂಚೆ ಕಣ್ಣಿನಿಂದ ನೋಡುವುದೂ ಅಷ್ಟೇ ಮುಖ್ಯ. ಕೆಲವರಲ್ಲಿ ಕೆರೋಟಿಡ್ ಅಪಧಮನಿಯೇ ಬಾಗಿ ಗಂಟಲಿನ ಹಿಂಗೋಡೆಯ ಹತ್ತಿರ ಬಂದಿರುತ್ತದೆ, ಅಲ್ಲಿ ನಾಡಿಯಂತೆ ಮಿಡಿಯುವ ಉಬ್ಬು ಕಾಣುತ್ತದೆ. ಅಂಥ ಉಬ್ಬಿಗೆ ಸೂಜಿ ಹಾಕುವುದಾಗಲಿ, ಬಯಾಪ್ಸಿಗೆಂದು ಚೂರು ತೆಗೆಯುವುದಾಗಲಿ ಪ್ರಾಣಾಪಾಯಕ್ಕೆ ದಾರಿ.

ಪ್ರಶ್ನೆ: ಎಕ್ಸ್-ರೇ ಸಾಕೇ, ಸಿ.ಟಿ. ಮಾಡಿಸಲೇಬೇಕೇ?

ಎರಡೂ ದವಡೆಗಳನ್ನು ಒಂದೇ ಫಿಲಂನಲ್ಲಿ ತೋರಿಸುವ ಓ.ಪಿ.ಜಿ. ಎಕ್ಸ್-ರೇ ಅಗ್ಗದ್ದು, ಸ್ಟೈಲಾಯ್ಡ್ ಉದ್ದವಾಗಿದೆಯೇ ಎಂಬ ಮೊದಲ ಸುಳಿವಿಗೆ ಅದು ಸಾಕು. ಆದರೆ ಅದರಲ್ಲಿ ಅಳತೆ ಹಿಗ್ಗಿ ಕಾಣುತ್ತದೆ, ಮೂಳೆ ಒಳಕ್ಕೆ ಬಾಗಿದೆಯೋ ಹೊರಕ್ಕೋ ತಿಳಿಯುವುದಿಲ್ಲ. ಒಳಕ್ಕೆ ಬಾಗಿದ ಗಿಡ್ಡ ಮೂಳೆ, ನೆಟ್ಟಗಿಳಿದ ಉದ್ದ ಮೂಳೆಗಿಂತ ಹೆಚ್ಚು ಕಾಡಬಲ್ಲದು. ಹೀಗಾಗಿ ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಮೂರು ಆಯಾಮದ ಚಿತ್ರ ಕೊಡುವ ಸಿ.ಟಿ. ಬೇಕೇ ಬೇಕು. ಅದಕ್ಕೆ ಮೊದಲು ಬೇಕಿಲ್ಲ.

ಪ್ರಶ್ನೆ: ವರದಿಯಲ್ಲಿ ಎರಡೂ ಬದಿ 38 ಮಿಲಿಮೀಟರ್ ಎಂದಿದೆ. ತೆಗೆಸಿಬಿಡಲೇ?

ನಿಧಾನಿಸಿ. ಜನಸಂಖ್ಯೆಯಲ್ಲಿ ಸುಮಾರು ಶೇ. 4ರಷ್ಟು ಮಂದಿಗೆ ಈ ಮೂಳೆ ಉದ್ದವಾಗಿರುತ್ತದೆ ಎಂದು ಬಹುಕಾಲದಿಂದ ಹೇಳಲಾಗುತ್ತಿದೆ, ಅವರಲ್ಲಿ ನೋವು ಇರುವವರು ಬಹಳ ಸಣ್ಣ ಪಾಲು. ಚಿತ್ರದಲ್ಲಿ ಎರಡೂ ಬದಿ ಉದ್ದ ಕಂಡರೂ ನೋವು ಒಂದೇ ಬದಿಗಿರುವುದು ಸಾಮಾನ್ಯ, ಅದೇ ಒಂದು ಪಾಠ: ಉದ್ದ ಮಾತ್ರವೇ ಕಾರಣವಾಗಿದ್ದರೆ ಎರಡೂ ಕಡೆ ನೋಯಬೇಕಿತ್ತು. ಬೇರೆ ಯಾವುದಕ್ಕೋ ತೆಗೆಸಿದ ಸ್ಕ್ಯಾನ್‌ನಲ್ಲಿ ಈ ಸಂಖ್ಯೆ ಕಂಡು, ಅಂತರ್ಜಾಲದಲ್ಲಿ ಓದಿ, ಆಮೇಲೆ ಗಂಟಲು ನೋಯಲು ಶುರುವಾದವರನ್ನೂ ನಾನು ನೋಡಿದ್ದೇನೆ. ಅವರ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ಮೂಳೆಯನ್ನು ಕತ್ತರಿಸಿದರೆ ಅದು ಹೋಗುತ್ತದೆಂದು ಭರವಸೆ ಕೊಡಲಾರೆ.

ರೋಗಿ ಹೇಳುವ ನೋವು, ಬೆರಳಿಗೆ ಸಿಕ್ಕ ಜಾಗ, ಸಿ.ಟಿ.ಯಲ್ಲಿ ಕಂಡ ತುದಿ, ಈ ಮೂರೂ ಒಂದೇ ಬದಿಗೆ ಕೂಡಿಬಂದರೆ ಮಾತ್ರ ಮುಂದಿನ ಹೆಜ್ಜೆ. ಆ ಹೆಜ್ಜೆಯೂ ಕತ್ತರಿಯದಲ್ಲ. ಟಾನ್ಸಿಲ್ ಕುಳಿಯ ಆ ಬಿಂದುವಿಗೆ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಸ್ವಲ್ಪ ಕೊಟ್ಟು, ಮರಗಟ್ಟಿರುವಷ್ಟು ಹೊತ್ತು ನೋವು ನಿಲ್ಲುತ್ತದೆಯೇ ಎಂದು ನೋಡುತ್ತಾರೆ.

ಪ್ರಶ್ನೆ: ಅಂಗುಳದ ಹಿಂಭಾಗದಲ್ಲಿ ಗಟ್ಟಿಯಾದದ್ದು ನಾಲಗೆಗೆ ತಾಗುತ್ತದೆ. ಗಡ್ಡೆಯೇ?

ಮೇಲ್ದವಡೆಯ ಕೊನೆಯ ಹಲ್ಲಿನ ಹಿಂದೆ, ತುಸು ಒಳಗೆ, ಮೆತ್ತನೆಯ ಅಂಗುಳ ಶುರುವಾಗುವಲ್ಲಿ ಜೋಳದ ಕಾಳಿನಷ್ಟು ಗಟ್ಟಿ ಉಬ್ಬು ಇದ್ದರೆ, ಮತ್ತು ಅಂಥದ್ದೇ ಇನ್ನೊಂದು ಬದಿಗೂ ಇದ್ದರೆ, ಅದು ಬಹುಶಃ ಹುಟ್ಟಿನಿಂದ ಬಂದ ಮೂಳೆಯ ಕೊಕ್ಕೆ. ಇದನ್ನು ಹ್ಯಾಮ್ಯುಲಸ್ ಎನ್ನುತ್ತಾರೆ. ಬಾವಿಯ ಗಾಲಿಯ ಮೇಲೆ ಹಗ್ಗ ಹೊರಳುವಂತೆ, ಅಂಗುಳವನ್ನು ಬಿಗಿಯುವ ಸ್ನಾಯುವಿನ ಹುರಿ ಈ ಕೊಕ್ಕೆಯನ್ನು ಬಳಸಿ ತಿರುಗುತ್ತದೆ, ಉಜ್ಜಾಟ ತಪ್ಪಿಸಲು ನಡುವೆ ದ್ರವದ ಸಣ್ಣ ಚೀಲವಿರುತ್ತದೆ. ಆ ಚೀಲ ಊದಿಕೊಂಡರೆ, ಅಥವಾ ಕೊಕ್ಕೆ ಉದ್ದವಾಗಿ ಲೋಳೆಪೊರೆಗೆ ತಾಗುತ್ತಿದ್ದರೆ, ಅಂಗುಳದ ಒಂದು ಬದಿ ಸುಟ್ಟಂತೆ ಉರಿಯುತ್ತದೆ, ನುಂಗಿದಾಗ ಚುಚ್ಚುತ್ತದೆ. ಅದೇ ಸ್ನಾಯು ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳವನ್ನೂ ತೆರೆಯುವುದರಿಂದ ಕಿವಿ ಕಟ್ಟಿದಂತೆಯೂ ಆಗಬಹುದು.

ನಮ್ಮ ಕಡೆ ಇದನ್ನು ಕೆದಕುವ ಸಂಗತಿಗಳು ಎರಡು. ಒಂದು, ತೀರಾ ಹಿಂದಕ್ಕೆ ಚಾಚಿದ ಮೇಲಿನ ಹಲ್ಲುಸೆಟ್ಟು. ಅದರ ಅಂಚನ್ನು ಎರಡು ಮಿಲಿಮೀಟರ್ ಉಜ್ಜಿ ತೆಗೆದರೆ ವರ್ಷದ ನೋವು ಹದಿನೈದು ದಿನದಲ್ಲಿ ಹೋದ ಉದಾಹರಣೆಗಳು ನನ್ನಲ್ಲಿವೆ. ಇನ್ನೊಂದು, ಖಡಕ್ ರೊಟ್ಟಿ. ಅಂಚು ಚುಚ್ಚಿದ ಗಾಯ ನಾಲ್ಕು ದಿನದಲ್ಲಿ ಮಾಯಬೇಕು, ಆದರೆ ಕೊಕ್ಕೆ ಮುಂಚಾಚಿದ್ದವರಿಗೆ ಮತ್ತೆ ಮತ್ತೆ ಅಲ್ಲಿಯೇ ಚುಚ್ಚುತ್ತದೆ. ಅಂಥವರಿಗೆ ಒಂದು ತಿಂಗಳು ಬಿಸಿ ರೊಟ್ಟಿ ಮಾತ್ರ, ಅದನ್ನೂ ಪಲ್ಲೆಯಲ್ಲಿ ನೆನೆಸಿ ತಿನ್ನಿ ಎಂದು ಹೇಳುತ್ತೇನೆ. ರೊಟ್ಟಿಯನ್ನೇ ಬಿಡಿ ಎಂದು ಹೇಳಿದರೆ ಈ ಜಿಲ್ಲೆಯಲ್ಲಿ ಯಾರೂ ಮರಳಿ ಬರುವುದಿಲ್ಲ.

ಇದಕ್ಕೂ ಬಗ್ಗದಿದ್ದರೆ ಆ ಜಾಗಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್, ತೀರಾ ಕೊನೆಗೆ ಕೊಕ್ಕೆಯ ತುದಿಯನ್ನು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆ. ಉಬ್ಬು ಒಂದೇ ಬದಿಗಿದ್ದರೆ, ಬೆಳೆಯುತ್ತಿದ್ದರೆ, ಮೇಲಿನ ಪೊರೆ ಒಡೆದಿದ್ದರೆ ಮಾತ್ರ ಈ ಸಮಾಧಾನ ಸಲ್ಲದು. ಅಂಗುಳದ ಚಿಕ್ಕ ಲಾಲಾಗ್ರಂಥಿಗಳಲ್ಲೂ ಗಡ್ಡೆಗಳು ಹುಟ್ಟುತ್ತವೆ.

ಪ್ರಶ್ನೆ: ನನಗೆ ನುಂಗಿದಾಗ ಕರೆಂಟ್ ಹೊಡೆದಂತಾಗುತ್ತದೆ, ಮತ್ತೆ ಏನೂ ಇರುವುದಿಲ್ಲ. ಇದೂ ಅದೇನಾ?

ಇದು ಬೇರೆ ಇರಬಹುದು. ಕೆಲವು ಸೆಕೆಂಡುಗಳಿಂದ ಎರಡು ನಿಮಿಷದವರೆಗೆ ನಾಲಗೆಯ ಬುಡ, ಟಾನ್ಸಿಲ್, ಕಿವಿಯೊಳಗೆ ಮಿಂಚಿನಂತೆ ಹೊಡೆದು ನಿಲ್ಲುವ ನೋವು, ತಣ್ಣೀರು ನುಂಗುವುದು, ಆಕಳಿಸುವುದು, ಕೆಮ್ಮುವುದು ಅದನ್ನು ಎಬ್ಬಿಸುವುದು, ಇವು ಒಂಬತ್ತನೆಯ ಕಪಾಲ ನರದ ಶೂಲೆಯ ಲಕ್ಷಣಗಳು. ವೈದ್ಯರು ಗ್ಲಾಸೊಫ್ಯಾರಿಂಜಿಯಲ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಮೆದುಳಿನ ಕಾಂಡದ ಬಳಿ ನರದ ಬುಡಕ್ಕೆ ರಕ್ತನಾಳದ ಸುರುಳಿಯೊಂದು ತಾಗುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಅದನ್ನು ನೋಡಲು ಎಂ.ಆರ್.ಐ. ಬೇಕು. ಕೆಲವರಿಗೆ ನೋವಿನ ಜೊತೆಗೆ ಹೃದಯ ಬಡಿತ ಇಳಿದು ಕಣ್ಣು ಕತ್ತಲೆ ಬಂದು ಬೀಳುವುದೂ ಉಂಟು, ಅದನ್ನು ಮರೆಯದೆ ಹೇಳಬೇಕು.

ಇಲ್ಲೊಂದು ತೊಡಕಿದೆ. ಟಾನ್ಸಿಲ್ ಕುಳಿ ಮರಗಟ್ಟಿಸಿದರೆ ಈ ಶೂಲೆಯೂ ನಿಲ್ಲುತ್ತದೆ. ಆದ್ದರಿಂದ ಲಿಗ್ನೋಕೇನ್ ಪರೀಕ್ಷೆ ಒಂದನ್ನೇ ನಂಬಿ ಸ್ಟೈಲಾಯ್ಡ್ ಕತ್ತರಿಸಲು ಹೊರಡಬಾರದು.

ಪ್ರಶ್ನೆ: ಇವಲ್ಲದೆ ಬೇರೆ ಕಾರಣಗಳಿವೆಯೇ?

ಇವೆ, ಚುಟುಕಾಗಿ ಹೇಳುತ್ತೇನೆ. ಹೈಆಯ್ಡ್ ಮೂಳೆಯ ಕೊಂಬಿನ ತುದಿ ಒತ್ತಿದರೆ ಅದೇ ನೋವು ಕಿವಿಗೂ ದವಡೆಗೂ ಹರಿಯುತ್ತದೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿಯ ಮೇಲಿನ ಕೊಂಬು ಒಳಕ್ಕೆ ಬಾಗಿದ್ದರೆ ನುಂಗುವಾಗ ಲಟಕ್ಕೆನ್ನುತ್ತದೆ. ಸ್ಟೈಲಾಯ್ಡ್‌ನಿಂದ ದವಡೆಯ ಮೂಲೆಗೆ ಹೋಗುವ ತಂತುಪಟ್ಟಿಗೆ ಪೆಟ್ಟಾಗಿದ್ದರೆ ಕಿವಿ, ಕಪೋಲ, ಗಂಟಲು ಮೂರೂ ನೋಯುತ್ತವೆ. ಕೆರೋಟಿಡ್ ಅಪಧಮನಿಯ ಸುತ್ತಲಿನ ಉರಿಯೂತದಲ್ಲಿ ಕುತ್ತಿಗೆ ಮುಟ್ಟಿದರೆ ನೋವು, ಅದು ಬಹುತೇಕ ಕೆಲವು ವಾರಗಳಲ್ಲಿ ಇಳಿಯುತ್ತದೆ.

ಇವುಗಳಲ್ಲಿ ಹೆಚ್ಚು ಗಾಬರಿ ಹುಟ್ಟಿಸುವುದು ಕುತ್ತಿಗೆಯ ಮೂಳೆಗಳ ಮುಂದಿರುವ ಲಾಂಗಸ್ ಕೊಲ್ಲೈ ಸ್ನಾಯುವಿನ ಹುರಿಯಲ್ಲಿ ಸುಣ್ಣ ಕಟ್ಟುವ ಕಾಯಿಲೆ. ಎರಡು ಮೂರು ದಿನಗಳಲ್ಲೇ ಕುತ್ತಿಗೆ ಸೆಟೆದು, ಉಗುಳು ನುಂಗಲೂ ಆಗದೆ, ಸಣ್ಣ ಜ್ವರವೂ ಬರುವುದರಿಂದ ಗಂಟಲಿನ ಹಿಂದೆ ಕೀವು ತುಂಬಿದೆಯೆಂದು ಭಾವಿಸಿ ಕೊಯ್ಯಲು ಸಿದ್ಧತೆ ನಡೆದಿರುತ್ತದೆ. ಸಿ.ಟಿ.ಯಲ್ಲಿ ಮೊದಲೆರಡು ಕುತ್ತಿಗೆ ಮೂಳೆಗಳ ಮುಂದೆ ಸುಣ್ಣದ ಚುಕ್ಕೆ ಕಂಡರೆ ಕೊಯ್ಯುವುದು ಬೇಕಾಗುವುದಿಲ್ಲ, ಉರಿಯೂತ ಇಳಿಸುವ ಗುಳಿಗೆಗಳಲ್ಲೇ ಒಂದೆರಡು ವಾರಗಳಲ್ಲಿ ಹೋಗುತ್ತದೆ.

ಪ್ರಶ್ನೆ: ಶಸ್ತ್ರಚಿಕಿತ್ಸೆ ಇಲ್ಲದೆ ಗುಣವಾಗುವುದಿಲ್ಲವೇ?

ಮೂಳೆ ಕರಗುವುದಿಲ್ಲ, ನೋವು ಮಾತ್ರ ಇಳಿಯಬಹುದು. ಉರಿಯೂತ ಇಳಿಸುವ ಗುಳಿಗೆ, ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್, ಕಾರ್ಬಮಜೆಪಿನ್‌ಗಳಲ್ಲಿ ಒಂದು, ಸ್ಟಿರಾಯ್ಡ್ ಇಂಜೆಕ್ಷನ್, ಇಷ್ಟರಲ್ಲೇ ಹಲವರು ನೆಮ್ಮದಿ ಕಾಣುತ್ತಾರೆ. ನರದ ಶೂಲೆಗಂತೂ ಕಾರ್ಬಮಜೆಪಿನ್ ಮೊದಲ ಸಾಲಿನ ಔಷಧ. ಅದನ್ನು ಶುರು ಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಗುಳಿಗೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು; ಈ ಚರ್ಮದ ಪ್ರತಿಕ್ರಿಯೆ ಅಪರೂಪ, ಆದರೆ ಬಂದರೆ ಭೀಕರ. ಹಾಗೇನೂ ಆಗದಿದ್ದಾಗ, ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸುವುದೂ ಬೇಡ.

ಪ್ರಶ್ನೆ: ಸ್ಟೈಲಾಯ್ಡ್ ತೆಗೆಯುವುದು ಹೇಗೆ, ಬಾಯಿಯೊಳಗಿಂದಲೋ ಹೊರಗಿಂದಲೋ?

ಎರಡೂ ದಾರಿಗಳಿವೆ, ಎರಡಕ್ಕೂ ಪೂರ್ಣ ಅರಿವಳಿಕೆ ಬೇಕು. ಬಾಯಿಯೊಳಗಿನ ದಾರಿಯಲ್ಲಿ ಟಾನ್ಸಿಲ್ ಇದ್ದರೆ ಸಾಮಾನ್ಯವಾಗಿ ಅದನ್ನು ತೆಗೆದು, ಕುಳಿಯ ತಳದಲ್ಲಿ ಮೂಳೆಯನ್ನು ಬೆರಳಿನಿಂದ ಗುರುತಿಸಿ, ಮೇಲಿನ ಪೊರೆ ಬಿಡಿಸಿ, ಎಷ್ಟು ಸಾಧ್ಯವೋ ಅಷ್ಟು ಮೇಲೆ ಮುರಿದು ತೆಗೆಯುತ್ತಾರೆ. ಹೊರಗೆ ಕಲೆಯಿರುವುದಿಲ್ಲ, ಆದರೆ ಜಾಗ ಇಕ್ಕಟ್ಟು, ರಕ್ತನಾಳಗಳು ಕಣ್ಣಿಗೆ ಕಾಣುವುದಿಲ್ಲ, ಬಾಯಿಯ ಸೋಂಕು ಕುತ್ತಿಗೆಯ ಆಳಕ್ಕೆ ಇಳಿಯುವ ಅಪಾಯವಿದೆ. ಕುತ್ತಿಗೆಯ ಹೊರಗಿನ ದಾರಿಯಲ್ಲಿ ಎಲ್ಲವೂ ಕಣ್ಣೆದುರಿಗಿರುತ್ತದೆ, ಮೂಳೆಯನ್ನು ಬುಡದವರೆಗೂ ತೆಗೆಯಬಹುದು. ಕಲೆ ಉಳಿಯುತ್ತದೆ, ಕೆಳತುಟಿಗೆ ಹೋಗುವ ನರ ಕೆಲಕಾಲ ಸೋತು ನಗುವಾಗ ಬಾಯಿ ಓರೆಯಾಗಬಹುದು. ರಕ್ತನಾಳಕ್ಕೆ ಒತ್ತಡವಿದ್ದರೆ ಹೊರಗಿನ ದಾರಿಯೇ ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಆಯ್ಕೆ ಸರಿಯಾಗಿದ್ದರೆ ಹೆಚ್ಚಿನವರಿಗೆ ಪರಿಹಾರ ಸಿಗುತ್ತದೆ, ಎಲ್ಲರಿಗೂ ಅಲ್ಲ.

ಪ್ರಶ್ನೆ: ಹಲ್ಲು ತೆಗೆಸಿದರೂ ನೋವು ಹೋಗಲಿಲ್ಲ. ಇನ್ನೊಂದು ತೆಗೆಸಲೇ?

ಬೇಡ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಗುಳೇದಗುಡ್ಡದ ಕಡೆಯ ಒಬ್ಬ ತಾಯಿ ಕೊನೆಯ ದವಡೆ ಹಲ್ಲಿನ ಹಿಂದೆ ಬೆರಳಿಟ್ಟು ತೋರಿಸಿದರು, ಅಲ್ಲೊಂದು ಓರೆ ಹಲ್ಲೂ ಇತ್ತು, ತೆಗೆದುಬಿಟ್ಟೆ. ಮೂರು ವಾರದ ನಂತರ ಅವರು ಬಂದು ಅದೇ ಜಾಗಕ್ಕೆ ಅದೇ ಬೆರಳಿಟ್ಟರು. ಅವರು ತೋರಿಸುತ್ತಿದ್ದದ್ದು ಹಲ್ಲನ್ನಲ್ಲ, ಅದರ ಹಿಂದಿನ ಕೊಕ್ಕೆಯನ್ನು ಎಂದು ಆಗ ತಿಳಿಯಿತು. ಹಲ್ಲಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗ ನೋವು ನಿಲ್ಲದಿದ್ದರೆ ಆ ಹಲ್ಲಿಗೆ ಕೈ ಹಾಕುವುದಿಲ್ಲ ಎಂದು ಅಂದಿನಿಂದ ನಿಯಮ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಇದಕ್ಕೆ ಬೆಂಗಳೂರಿಗೇ ಹೋಗಬೇಕೇ?

ರೋಗನಿದಾನಕ್ಕೆ ಬೇಕಿಲ್ಲ. ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಬಿಮ್ಸ್ ಮತ್ತು ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಪಿ.ಎಂ.ಎನ್.ಎಂ. ದಂತ ವೈದ್ಯಕೀಯ ಕಾಲೇಜು, ವಿಜಯಪುರದಲ್ಲಿ ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅಲ್-ಅಮೀನ್ ದಂತ ಕಾಲೇಜು ಇವೆ. ಕಿವಿ, ಮೂಗು, ಗಂಟಲು ತಜ್ಞರೂ ಬಾಯಿ, ದವಡೆಯ ತಜ್ಞರೂ ಒಂದೇ ರೋಗಿಯನ್ನು ನೋಡುವುದು ಈ ನೋವಿನಲ್ಲಿ ಬಹಳ ಉಪಯುಕ್ತ, ಏಕೆಂದರೆ ಒಬ್ಬರ ಗಡಿ ಮುಗಿಯುವಲ್ಲೇ ನೋವು ಕುಳಿತಿರುತ್ತದೆ. ಆಸ್ಪತ್ರೆಯ ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಚಿಕಿತ್ಸೆ ಅದರ ಪಟ್ಟಿಯಲ್ಲಿ ಇದೆಯೇ ಎಂದು ದಾಖಲಾಗುವ ಮೊದಲೇ ವಿಚಾರಿಸಿ.

ಪ್ರಶ್ನೆ: ತಪಾಸಣೆಗೆ ಬರುವಾಗ ಏನು ತರಬೇಕು?

ಸ್ಕ್ಯಾನ್‌ನ ವರದಿ ಮಾತ್ರವಲ್ಲ, ಸಿ.ಡಿ. ಅಥವಾ ಫಿಲಂ ತನ್ನಿ. ಬೇರೆಯವರು ಬರೆದ ಎರಡು ಸಾಲಿಗಿಂತ ಚಿತ್ರವನ್ನು ನಾವೇ ತಿರುಗಿಸಿ ನೋಡುವುದು ಒಳ್ಳೆಯದು. ಹಲ್ಲುಸೆಟ್ಟು ಹಾಕುವವರು ಅದನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಒಂದು ವಾರ ಯಾವ ಹೊತ್ತಿಗೆ, ಏನು ಮಾಡುವಾಗ, ಎಷ್ಟು ಹೊತ್ತು ನೋವು ಬಂತೆಂದು ಹಾಳೆಯ ಮೇಲೆ ಬರೆದಿಡಿ. ಬರುವ ದಿನ ಬೆಳಿಗ್ಗೆ ನೋವಿನ ಗುಳಿಗೆ ನುಂಗದೆ ಬರಲು ಸಾಧ್ಯವಾದರೆ ಹಾಗೆಯೇ ಬನ್ನಿ, ಇಲ್ಲವಾದರೆ ಬೆರಳಿಗೆ ಸಿಗಬೇಕಾದ ಜಾಗ ಆ ದಿನ ಸಿಗುವುದಿಲ್ಲ.